ಉದ್ಯಮ ತಂತ್ರಾಂಶ ಕಂಪನಿಗಳ ಕ್ಲೌಡ್ ವಲಸೆ: ಪೈಪೋಟಿ ಮತ್ತು ಹಣಕಾಸು

ಒಂದು ಸಂಸ್ಥೆಯ ಲೆಕ್ಕಪತ್ರ, ಸಂಬಳ, ಖರೀದಿ, ದಾಸ್ತಾನು, ಮಾರಾಟ, ಗ್ರಾಹಕರ ದಾಖಲೆ ಇವನ್ನೆಲ್ಲ ನಡೆಸುವ ತಂತ್ರಾಂಶಕ್ಕೆ ಉದ್ಯಮ ತಂತ್ರಾಂಶ ಎಂದು ಹೆಸರು. 1970ರ ದಶಕದಿಂದ ಸುಮಾರು 2000ದವರೆಗೆ ಇದನ್ನು ಲೈಸೆನ್ಸ್ ರೂಪದಲ್ಲಿ ಮಾರುತ್ತಿದ್ದರು. ಕೊಂಡವರು ತಮ್ಮ ಕಟ್ಟಡದ ಸರ್ವರ್ ಕೋಣೆಯಲ್ಲೇ ಅದನ್ನು ಹಾಕಿಸಿ, ತಮ್ಮ ಸಿಬ್ಬಂದಿಯಿಂದಲೇ ನಡೆಸುತ್ತಿದ್ದರು. ಆಮೇಲಿನ ಎರಡೂವರೆ ದಶಕಗಳಲ್ಲಿ ತಂತ್ರಾಂಶ ಮಾರುವವರ ಡೇಟಾ ಸೆಂಟರಿಗೆ ಹೋಯಿತು. ಕೊಳ್ಳುವವರು ಇಂಟರ್‌ನೆಟ್ ಮೂಲಕ ಬಳಸಿ, ವರ್ಷಕ್ಕೆ ಇಷ್ಟು ಎಂದು ಚಂದಾ ಕಟ್ಟತೊಡಗಿದರು. ಇದೇ ಕ್ಲೌಡ್ ವಲಸೆ. ಇದನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಕಥೆಯಾಗಿ ಹೇಳುತ್ತಾರೆ: ಹೊಸಬರು ಹೊಸ ವಿಧಾನ ತಂದರು, ಹಳಬರು ತಡವಾಗಿ ಎಚ್ಚೆತ್ತರು, ಪೈಪೋಟಿಯಲ್ಲಿ ಸೊರಗಿದರು. ಕಂಪನಿಗಳ ವಾರ್ಷಿಕ ಲೆಕ್ಕ ಬಿಡಿಸಿ ನೋಡಿದರೆ ಈ ಕಥೆ ಅರ್ಧ ಮಾತ್ರ ನಿಲ್ಲುತ್ತದೆ. 1990ರ ದಶಕದಲ್ಲಿ ಮುಂದಿದ್ದ ಎಸ್‌ಎಪಿ, ಒರಾಕಲ್, ಮೈಕ್ರೋಸಾಫ್ಟ್ 2025ರಲ್ಲೂ ಮುಂದೆಯೇ ಇವೆ. ಹಳಬರು ಉಳಿದದ್ದಕ್ಕೆ ಮುಖ್ಯ ಕಾರಣ ಅವರ ಹೊಸ ತಂತ್ರಾಂಶಕ್ಕಿಂತ ಹಳೆಯ ಗಿರಾಕಿಗಳು ವರ್ಷವರ್ಷವೂ ಕಟ್ಟುತ್ತ ಬಂದ ನಿರ್ವಹಣಾ ಶುಲ್ಕ ಎಂಬುದು ಈ ಲೇಖನದ ವಾದ.

ಈ ಶುಲ್ಕದ ಸ್ವರೂಪ ತಿಳಿಯಲು ಹಳೆಯ ವ್ಯಾಪಾರದ ರೀತಿಯನ್ನು ನೋಡಬೇಕು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಕಟ್ಟಿದರು. 1992ರಲ್ಲಿ ಬಂದ ಅದರ ಆರ್/3 ಎಂಬ ತಂತ್ರಾಂಶ ದೊಡ್ಡ ಕಾರ್ಖಾನೆಗಳ ಲೆಕ್ಕ, ದಾಸ್ತಾನು, ಉತ್ಪಾದನೆಗಳನ್ನು ಒಂದೇ ದಾಖಲೆಯಡಿ ತಂದಿತು. ಗಿರಾಕಿ ಲೈಸೆನ್ಸಿನ ಬೆಲೆಯನ್ನು ಒಮ್ಮೆ ಕೊಡುತ್ತಿದ್ದ. ಅದರ ಮೇಲೆ ಪ್ರತಿ ವರ್ಷ ಲೈಸೆನ್ಸ್ ಬೆಲೆಯ ಐದನೇ ಒಂದು ಭಾಗದಷ್ಟನ್ನು ನಿರ್ವಹಣೆಗೆಂದು ಕಟ್ಟುತ್ತಿದ್ದ. ದೋಷಗಳ ತಿದ್ದುಪಡಿ, ತೆರಿಗೆ ಕಾನೂನು ಬದಲಾದಾಗ ಅದಕ್ಕೆ ತಕ್ಕ ಮಾರ್ಪಾಡು, ತೊಂದರೆಯಾದಾಗ ಸಹಾಯ ಎಲ್ಲವೂ ಆ ಶುಲ್ಕದಲ್ಲಿ ಸೇರಿದ್ದವು. ಒರಾಕಲ್ ಕಂಪನಿಯ ದರ ಶೇ 22. ಎಸ್‌ಎಪಿ 2008ರಲ್ಲಿ ತನ್ನ ದರವನ್ನು ಶೇ 17ರಿಂದ ಹಂತಹಂತವಾಗಿ ಶೇ 22ಕ್ಕೆ ಏರಿಸುವುದಾಗಿ ಹೇಳಿದಾಗ ಬಳಕೆದಾರರ ಸಂಘಗಳು ಬಲವಾಗಿ ಪ್ರತಿಭಟಿಸಿದವು, ಕಂಪನಿ ಸ್ವಲ್ಪ ಹಿಂದೆಗೆಯಬೇಕಾಯಿತು. ಆದರೂ ಗಿರಾಕಿಗಳು ಬಿಟ್ಟು ಹೋಗಲಿಲ್ಲ. ಸಂಬಳದ ದಿನ ಹತ್ತು ಸಾವಿರ ನೌಕರರ ತೆರಿಗೆ ಕಡಿತ ತಪ್ಪಾದರೆ ಏನಾಗುತ್ತದೆ ಎಂಬುದು ಪ್ರತಿ ಹಣಕಾಸು ಅಧಿಕಾರಿಗೂ ಗೊತ್ತು. ಮಾರುವವರ ಕಡೆಯಿಂದ ನೋಡಿದರೆ ಇಷ್ಟು ನಿಶ್ಚಿಂತೆಯ ಆದಾಯ ಬೇರೆ ಇಲ್ಲ. ಒಂದೇ ತಿದ್ದುಪಡಿಯನ್ನು ಸಾವಿರಾರು ಗಿರಾಕಿಗಳಿಗೆ ಕಳಿಸಬಹುದು. ಹೊಸ ಲೈಸೆನ್ಸ್ ಮಾರಾಟ ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಬಿದ್ದುಹೋಗುತ್ತಿತ್ತು, ತ್ರೈಮಾಸಿಕದ ಕೊನೆಯ ವಾರದ ರಿಯಾಯಿತಿಗಳ ಮೇಲೆ ನಿಂತಿರುತ್ತಿತ್ತು. ನಿರ್ವಹಣಾ ಶುಲ್ಕಕ್ಕೆ ಈ ಏರಿಳಿತ ತಟ್ಟುತ್ತಿರಲಿಲ್ಲ.

ಚಂದಾ ಪದ್ಧತಿಗೆ ಹೋದಾಗ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. 1 ಕೋಟಿ ರೂಪಾಯಿ ಲೈಸೆನ್ಸ್, ವರ್ಷಕ್ಕೆ 22 ಲಕ್ಷ ನಿರ್ವಹಣೆ ಎಂದಿಟ್ಟುಕೊಂಡರೆ ಮಾರಿದವರಿಗೆ ಮೊದಲ ವರ್ಷ 1 ಕೋಟಿ 22 ಲಕ್ಷ ಬರುತ್ತದೆ. ಅದೇ ತಂತ್ರಾಂಶವನ್ನು ವರ್ಷಕ್ಕೆ 40 ಲಕ್ಷ ಚಂದಾಕ್ಕೆ ಕೊಟ್ಟರೆ ಮೊದಲ ವರ್ಷ ಬರುವುದು ಅದರ ಮೂರನೇ ಒಂದು ಪಾಲು. ಐದು ವರ್ಷ ಕಳೆದಾಗ ಹಳೆಯ ರೀತಿಯಲ್ಲಿ 2 ಕೋಟಿ 10 ಲಕ್ಷ, ಹೊಸ ರೀತಿಯಲ್ಲಿ 2 ಕೋಟಿ. ಆರನೆಯ ವರ್ಷ ಮಾತ್ರ ಚಂದಾ ಮುಂದೆ ಹೋಗುತ್ತದೆ, ಆಮೇಲೆ ಅಂತರ ಬೆಳೆಯುತ್ತಲೇ ಹೋಗುತ್ತದೆ. ಜೊತೆಗೆ ಲೆಕ್ಕಶಾಸ್ತ್ರದ ನಿಯಮವೊಂದಿದೆ: ಚಂದಾ ಹಣವನ್ನು ಸೇವೆ ಕೊಟ್ಟಂತೆ ತಿಂಗಳುತಿಂಗಳಿಗೆ ಹಂಚಿ ಆದಾಯವೆಂದು ಬರೆಯಬೇಕು. ಡಿಸೆಂಬರ್ ಆರಂಭದಲ್ಲಿ ಸಹಿಯಾದ 40 ಲಕ್ಷದ ಒಪ್ಪಂದ ಆ ವರ್ಷದ ಪುಸ್ತಕದಲ್ಲಿ ಸುಮಾರು 3 ಲಕ್ಷ 33 ಸಾವಿರವಾಗಿ ಮಾತ್ರ ಕಾಣುತ್ತದೆ. ಇತ್ತ ಡೇಟಾ ಸೆಂಟರಿನ ಖರ್ಚು, ಮಾರಾಟದವರ ಸಂಬಳ, ತಂತ್ರಾಂಶ ತಿದ್ದಿ ಬರೆಯುವ ಖರ್ಚು ಮೊದಲೇ ಬಂದು ಕೂತಿರುತ್ತವೆ. ಹೀಗಾಗಿ ವ್ಯಾಪಾರ ಚೆನ್ನಾಗಿ ನಡೆದಷ್ಟೂ ಮೊದಲ ವರ್ಷಗಳ ಲೆಕ್ಕ ಕೆಟ್ಟದಾಗಿ ಕಾಣುತ್ತದೆ. ಈ ತಗ್ಗಿನ ವರ್ಷಗಳನ್ನು ದಾಟಿಸುವ ಹಣ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಪೈಪೋಟಿಯ ಫಲಿತಾಂಶ ಬಹುಮಟ್ಟಿಗೆ ವಿವರವಾಗುತ್ತದೆ.

ತಗ್ಗಿನ ಆಕಾರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಡೋಬಿಯಲ್ಲಿ. ಅದು ಮುಖ್ಯವಾಗಿ ವಿನ್ಯಾಸಕಾರರಿಗೆ ತಂತ್ರಾಂಶ ಮಾರುವ ಕಂಪನಿ, ಕಾರ್ಖಾನೆಯ ಲೆಕ್ಕ ಬರೆಯುವುದಲ್ಲ. ಆದರೆ ನಿರ್ವಹಣಾ ಶುಲ್ಕದ ಆಸರೆ ಹೆಚ್ಚಾಗಿಲ್ಲದೆ ವಲಸೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅದೇ ಒಳ್ಳೆಯ ಉದಾಹರಣೆ. 2013ರ ಮೇ ತಿಂಗಳಲ್ಲಿ ಅಡೋಬಿ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳು ಇನ್ನು ಚಂದಾ ರೂಪದಲ್ಲಿ ಮಾತ್ರ ಸಿಗುತ್ತವೆ ಎಂದಿತು. 2012ರಲ್ಲಿ 440 ಕೋಟಿ ಡಾಲರ್ ಇದ್ದ ಆದಾಯ 2013ರಲ್ಲಿ 406 ಕೋಟಿಗೆ ಇಳಿಯಿತು. ನಿವ್ವಳ ಲಾಭವಂತೂ ಸುಮಾರು 83 ಕೋಟಿಯಿಂದ 29 ಕೋಟಿಗೆ, ಮರುವರ್ಷ 27 ಕೋಟಿಗೆ ಕುಸಿಯಿತು. 2015ರಲ್ಲಿ ಆದಾಯ 480 ಕೋಟಿಗೆ, 2016ರಲ್ಲಿ 585 ಕೋಟಿಗೆ ಏರಿತು. 2024ರ ಹೊತ್ತಿಗೆ 2,150 ಕೋಟಿ ಡಾಲರ್ ಆಗಿತ್ತು. ಗಮನಿಸಬೇಕಾದದ್ದು, ಲಾಭ ಮೂರನೇ ಒಂದಕ್ಕೆ ಬಿದ್ದ 2013ರಲ್ಲೇ ಅಡೋಬಿಯ ಷೇರಿನ ಬೆಲೆ ಏರಿತು. ಕಂಪನಿ ತಗ್ಗು ಬರುತ್ತದೆಂದು ಮೊದಲೇ ಹೇಳಿತ್ತು. ಚಂದಾದಾರರ ಸಂಖ್ಯೆ, ವರ್ಷಕ್ಕೆ ಖಚಿತವಾಗಿ ಬರುವ ಚಂದಾ ಮೊತ್ತ ಎಂಬ ಹೊಸ ಅಳತೆಗೋಲುಗಳನ್ನು ಪ್ರತಿ ತ್ರೈಮಾಸಿಕದಲ್ಲೂ ಮುಂದಿಟ್ಟಿತ್ತು. ನಿರ್ವಹಣಾ ಶುಲ್ಕವಿಲ್ಲದೆಯೂ ದಾಟಬಹುದು ಎನ್ನಲು ಇದನ್ನೇ ತೋರಿಸುವವರಿದ್ದಾರೆ. ಆದರೆ ಫೋಟೊಶಾಪ್ ಬಳಸುವವರಿಗೆ ಆ ವರ್ಷಗಳಲ್ಲಿ ಹೋಗಲು ಬೇರೆ ಅಂಗಡಿ ಇರಲಿಲ್ಲ. ಅಂಥ ಏಕಸ್ವಾಮ್ಯ ಉದ್ಯಮ ತಂತ್ರಾಂಶದಲ್ಲಿ ಯಾರಿಗೂ ಇರಲಿಲ್ಲ.

ಎಸ್‌ಎಪಿಗೆ ಅದೇ ತಗ್ಗು ಬೇರೆ ರೀತಿಯಲ್ಲಿ ಬಂತು. 2019ರ ಏಪ್ರಿಲ್‌ನಲ್ಲಿ ಎಲಿಯಟ್ ಎಂಬ ಹೂಡಿಕೆ ಸಂಸ್ಥೆ ತಾನು ಎಸ್‌ಎಪಿಯ ಷೇರು ಹಿಡಿದಿರುವುದಾಗಿ ಪ್ರಕಟಿಸಿತು, ಅದೇ ಹೊತ್ತಿಗೆ ಎಸ್‌ಎಪಿ ಲಾಭದ ಪ್ರಮಾಣವನ್ನು ವರ್ಷವರ್ಷ ಏರಿಸುವ ಮಾತು ಕೊಟ್ಟಿತು. 2020ರ ಅಕ್ಟೋಬರ್ 26ರಂದು ಕಂಪನಿಯ ಮುಖ್ಯಸ್ಥ ಕ್ರಿಸ್ಟಿಯನ್ ಕ್ಲೈನ್ ಆ ಮಾತನ್ನು ಹಿಂತೆಗೆದುಕೊಂಡು, ಕ್ಲೌಡ್ ವಲಸೆಯನ್ನು ಚುರುಕುಗೊಳಿಸುತ್ತೇವೆ, ಕೆಲವು ವರ್ಷ ಲಾಭ ಹೆಚ್ಚುವುದಿಲ್ಲ ಎಂದರು. ಒಂದೇ ದಿನದಲ್ಲಿ ಷೇರು ಶೇ 20ಕ್ಕೂ ಹೆಚ್ಚು ಬಿತ್ತು. 2020ರಲ್ಲಿ ಸುಮಾರು 660 ಕೋಟಿ ಯೂರೊ ಇದ್ದ ಕಾರ್ಯನಿರ್ವಹಣಾ ಲಾಭ 2022ರಲ್ಲಿ ಸುಮಾರು 470 ಕೋಟಿಗೆ ಇಳಿಯಿತು. ಆದರೆ ಇದೇ ಅವಧಿಯಲ್ಲಿ ಆದಾಯದ ಒಳಗಿನ ಭಾಗಗಳು ಹೇಗೆ ಬದಲಾದವು ಎಂಬುದು ಹೆಚ್ಚು ಮುಖ್ಯ. 2020ರಲ್ಲಿ ಎಸ್‌ಎಪಿಯ ಒಟ್ಟು ಆದಾಯ 2,734 ಕೋಟಿ ಯೂರೊ. ಅದರಲ್ಲಿ ಕ್ಲೌಡಿನದು 808 ಕೋಟಿ, ಹೊಸ ಲೈಸೆನ್ಸಿನದು 364 ಕೋಟಿ, ನಿರ್ವಹಣೆಯದು ಸುಮಾರು 1,150 ಕೋಟಿ. 2024ರಲ್ಲಿ ಒಟ್ಟು 3,418 ಕೋಟಿ. ಕ್ಲೌಡ್ 1,714 ಕೋಟಿಗೆ ಏರಿತ್ತು, ಲೈಸೆನ್ಸ್ 140 ಕೋಟಿಗೆ ಕುಗ್ಗಿತ್ತು. ನಿರ್ವಹಣಾ ಶುಲ್ಕ ಮಾತ್ರ ಸುಮಾರು 1,130 ಕೋಟಿಯಲ್ಲಿ, ಬಹುತೇಕ ಇದ್ದಲ್ಲೇ ಇತ್ತು. ನಾಲ್ಕು ವರ್ಷ ಎಲ್ಲವೂ ಅಲುಗಾಡಿದಾಗ ಅಲುಗಾಡದೆ ನಿಂತ ಕಂಬ ಅದು. ಸಕ್ಸೆಸ್‌ಫ್ಯಾಕ್ಟರ್ಸ್‌ಗೆ 340 ಕೋಟಿ ಡಾಲರ್, ಅರಿಬಾಗೆ 430 ಕೋಟಿ, ಕಾನ್ಕರ್‌ಗೆ 830 ಕೋಟಿ ಎಂದು 2011ರಿಂದ 2014ರ ನಡುವೆ ಕ್ಲೌಡ್ ಕಂಪನಿಗಳನ್ನು ಕೊಂಡಾಗಲೂ ಬೆನ್ನಿಗಿದ್ದದ್ದು ಈ ಖಚಿತ ವರಮಾನವೇ. 2025ರ ಮಾರ್ಚ್‌ನಲ್ಲಿ ಎಸ್‌ಎಪಿ ಡೆನ್ಮಾರ್ಕಿನ ಔಷಧ ಕಂಪನಿ ನೋವೊ ನಾರ್ಡಿಸ್ಕನ್ನು ಹಿಂದೆ ಹಾಕಿ ಯುರೋಪಿನ ಅತ್ಯಂತ ಬೆಲೆಬಾಳುವ ಕಂಪನಿಯಾಯಿತು.

ಒರಾಕಲ್ ಈ ಶುಲ್ಕದ ಬೆಲೆಯನ್ನು ಎಲ್ಲರಿಗಿಂತ ಮೊದಲೇ ಅರಿತ ಕಂಪನಿ. 2003ರಲ್ಲಿ ಅದು ಪೀಪಲ್‌ಸಾಫ್ಟ್ ಕಂಪನಿಯನ್ನು ಅದರ ಆಡಳಿತದ ಇಚ್ಛೆಗೆ ವಿರುದ್ಧವಾಗಿ ಕೊಳ್ಳಲು ಹೊರಟು, ಹದಿನೆಂಟು ತಿಂಗಳ ಜಗ್ಗಾಟದ ನಂತರ 1,030 ಕೋಟಿ ಡಾಲರಿಗೆ ಕೊಂಡಿತು. ಅದರ ಬೆನ್ನಿಗೇ 585 ಕೋಟಿಗೆ ಸೀಬೆಲ್ ಕಂಪನಿಯನ್ನೂ ಕೊಂಡಿತು. ಕೊಂಡ ತಂತ್ರಾಂಶಗಳನ್ನು ಮುಚ್ಚದೆ, ಅವುಗಳ ನಿರ್ವಹಣೆ ಮುಂದುವರಿಸುತ್ತೇವೆ ಎಂದು 2006ರಲ್ಲಿ ಗಿರಾಕಿಗಳಿಗೆ ಮಾತು ಕೊಟ್ಟಿತು. ಕೊಂಡದ್ದು ತಂತ್ರಾಂಶವನ್ನು ಎನ್ನುವುದಕ್ಕಿಂತ ಅದರ ಹಿಂದೆ ಬರುವ ವಾರ್ಷಿಕ ಶುಲ್ಕದ ಹರಿವನ್ನು ಎನ್ನುವುದು ಸರಿ. ಈ ಹರಿವಿಗೆ ಬೇರೆಯವರು ಕೈಹಾಕಿದಾಗ ಒರಾಕಲ್ ಹೋರಾಡಿದ ಬಗೆಯೇ ಅದಕ್ಕೆ ಸಾಕ್ಷಿ. ಪೀಪಲ್‌ಸಾಫ್ಟ್ ಗಿರಾಕಿಗಳಿಗೆ ಕಡಿಮೆ ದರದಲ್ಲಿ ನಿರ್ವಹಣೆ ಒದಗಿಸುತ್ತಿದ್ದ ಟುಮಾರೊನೌ ಎಂಬ ಸಣ್ಣ ಸಂಸ್ಥೆಯನ್ನು 2005ರಲ್ಲಿ ಎಸ್‌ಎಪಿ ಕೊಂಡಿತು. ಒರಾಕಲ್ 2007ರಲ್ಲಿ ಕೃತಿಸ್ವಾಮ್ಯ ಉಲ್ಲಂಘನೆಯ ದಾವೆ ಹೂಡಿತು. 2010ರಲ್ಲಿ ಜ್ಯೂರಿ 130 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ಮೊತ್ತ ಆಮೇಲೆ ಕಡಿಮೆಯಾಯಿತಾದರೂ ಒಂದು ಸಣ್ಣ ನಿರ್ವಹಣಾ ಸಂಸ್ಥೆಯ ಸುತ್ತ ಇಷ್ಟು ದೊಡ್ಡ ವ್ಯಾಜ್ಯ ನಡೆದದ್ದು ಗಮನಾರ್ಹ. ಅರ್ಧ ಬೆಲೆಗೆ ನಿರ್ವಹಣೆ ಕೊಡುತ್ತೇವೆಂದ ರಿಮಿನಿ ಸ್ಟ್ರೀಟ್ ಮೇಲೂ 2010ರಿಂದ ಒರಾಕಲ್ ಮೊಕದ್ದಮೆ ನಡೆಸುತ್ತ ಬಂತು. ಹೊಸ ತಂತ್ರಾಂಶದ ಹಕ್ಕಿಗಾಗಿ ಒರಾಕಲ್, ಎಸ್‌ಎಪಿ ಹೀಗೆ ಕಾದಾಡಿದ್ದು ಕಡಿಮೆ.

ಆದರೆ ಅದೇ ಶುಲ್ಕ ಒರಾಕಲ್ ಕಂಪನಿಗೆ ಸುಖನಿದ್ರೆಯನ್ನೂ ತಂದಿತು ಎಂಬ ಆಕ್ಷೇಪ ಸರಿಯಾದದ್ದು. ಸಂಸ್ಥಾಪಕ ಲ್ಯಾರಿ ಎಲಿಸನ್ 2008ರಲ್ಲಿ ಕ್ಲೌಡ್ ಎಂಬ ಮಾತನ್ನೇ ಹೊಸ ಫ್ಯಾಷನ್ ಎಂದು ಬಹಿರಂಗವಾಗಿ ಗೇಲಿ ಮಾಡಿದ್ದರು. 2012ರ ಹಣಕಾಸು ವರ್ಷದಲ್ಲಿ 3,710 ಕೋಟಿ ಡಾಲರ್ ಇದ್ದ ಆದಾಯ ಎಂಟು ವರ್ಷ ಕಳೆದು 2020ರಲ್ಲಿ 3,907 ಕೋಟಿ. ನಡುವೆ ನೆಟ್‌ಸೂಟ್ ಕಂಪನಿಯನ್ನು 930 ಕೋಟಿಗೆ ಕೊಂಡೂ ಇಷ್ಟೇ. 2019ರ ಹಣಕಾಸು ವರ್ಷವೊಂದರಲ್ಲೇ ಸುಮಾರು 3,600 ಕೋಟಿ ಡಾಲರ್‌ನ ಸ್ವಂತ ಷೇರುಗಳನ್ನು ಮರಳಿ ಕೊಂಡು ಪ್ರತಿ ಷೇರಿನ ಲಾಭವನ್ನು ಏರಿಸಿತು. 2018ರ ಜೂನ್‌ನಲ್ಲಿ ಕ್ಲೌಡ್ ಆದಾಯವನ್ನು ಬೇರೆಯಾಗಿ ತೋರಿಸುವುದನ್ನು ನಿಲ್ಲಿಸಿ, ಅದನ್ನು ಲೈಸೆನ್ಸ್ ನಿರ್ವಹಣೆಯ ಆದಾಯದೊಡನೆ ಸೇರಿಸಿಬಿಟ್ಟಿತು. ಹೂಡಿಕೆದಾರರು ಇದನ್ನು ಮರೆಮಾಚುವಿಕೆ ಎಂದರು. ಗಿರಾಕಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಭಾಗಿಸಿ ತೋರಿಸುವುದಕ್ಕೆ ಅರ್ಥವಿಲ್ಲ ಎಂದು ಕಂಪನಿ ಹೇಳಿತು. ಲೆಕ್ಕ ಓದುವವರ ಹಿತದಿಂದ ನೋಡಿದರೆ ಆ ನಿರ್ಧಾರ ತಪ್ಪು, ಯಾಕೆಂದರೆ ವಲಸೆಯ ವರ್ಷಗಳಲ್ಲಿ ಯಾವುದು ಬೆಳೆಯುತ್ತಿದೆ, ಯಾವುದು ಹಳೆಯ ಬಾಡಿಗೆ ಎಂದು ತಿಳಿಯುವುದೇ ಮುಖ್ಯ. ಆದರೆ ಈ ಎಂಟು ವರ್ಷಗಳ ನಿಶ್ಚಲತೆಯೂ ಮೂಲ ವಾದವನ್ನು ಅಲ್ಲಗಳೆಯುವುದಿಲ್ಲ. ಬೇರೆ ಯಾವುದೇ ವ್ಯಾಪಾರದಲ್ಲಿ ಇಷ್ಟು ತಡಮಾಡಿದ ಕಂಪನಿ ಅಳಿಯುತ್ತಿತ್ತು. ಒರಾಕಲ್ ಕಂಪನಿಗೆ ತಪ್ಪು ಮಾಡಿ ತಿದ್ದಿಕೊಳ್ಳಲು ಒಂದು ದಶಕ ಸಿಕ್ಕಿತು, ಆ ಕಾಲಾವಕಾಶವನ್ನು ಕೊಂಡುಕೊಟ್ಟದ್ದು ನಿರ್ವಹಣಾ ಶುಲ್ಕ.

ಇನ್ನು ಹೊಸಬರ ವಿಷಯ. 1999ರಲ್ಲಿ ಒರಾಕಲ್ ಬಿಟ್ಟು ಬಂದ ಮಾರ್ಕ್ ಬೆನಿಯಾಫ್ ಮತ್ತು ಸಂಗಡಿಗರು ಸೇಲ್ಸ್‌ಫೋರ್ಸ್ ಆರಂಭಿಸಿದರು. ಎಲಿಸನ್ ಅವರೇ ಅದರಲ್ಲಿ 20 ಲಕ್ಷ ಡಾಲರ್ ಹೂಡಿದ್ದರು. ಒರಾಕಲ್ ನುಂಗಿದ ಪೀಪಲ್‌ಸಾಫ್ಟಿನ ಸ್ಥಾಪಕ ಡೇವ್ ಡಫೀಲ್ಡ್, ಅನೀಲ್ ಭೂಸ್ರಿ ಜೊತೆ ಸೇರಿ 2005ರಲ್ಲಿ ವರ್ಕ್‌ಡೇ ಕಟ್ಟಿದರು. ಇಬ್ಬರೂ ಗೆದ್ದಿದ್ದಾರಲ್ಲ, ಹಳೆಯ ಶುಲ್ಕದ ಬಲವಿಲ್ಲದೆಯೂ ಬೆಳೆದಿದ್ದಾರಲ್ಲ ಎಂಬುದು ಈ ವಾದಕ್ಕೆ ಬರುವ ಅತಿ ಗಟ್ಟಿ ಆಕ್ಷೇಪ. ಅವರು ಬೆಳೆದದ್ದು ನಿಜ: ಸೇಲ್ಸ್‌ಫೋರ್ಸ್ ಆದಾಯ 2025ರ ಹಣಕಾಸು ವರ್ಷದಲ್ಲಿ 3,790 ಕೋಟಿ ಡಾಲರ್. ಆದರೆ ಅವರು ಎಲ್ಲಿ ಗೆದ್ದರು, ಯಾವ ಬೆಲೆಗೆ ಗೆದ್ದರು ಎಂದು ನೋಡಬೇಕು. ಮಾರಾಟದವರ ಗಿರಾಕಿ ಪಟ್ಟಿ, ನೌಕರರ ರಜೆ ಮತ್ತು ನೇಮಕಾತಿಗಳಂಥ ಕೆಲಸಗಳನ್ನು ಸಂಸ್ಥೆಯ ಉಳಿದ ಲೆಕ್ಕದಿಂದ ಬಿಡಿಸಿ ಹೊರಗೆ ಕೊಡುವುದು ಸುಲಭ. ಕಾರ್ಖಾನೆಯ ಮೂಲ ಲೆಕ್ಕ, ದಾಸ್ತಾನು, ಉತ್ಪಾದನೆಗಳನ್ನು ಕಿತ್ತು ಬೇರೆ ಕಡೆ ನೆಡುವುದು ಕಷ್ಟ. ಅಲ್ಲಿ ಹಳಬರೇ ಉಳಿದರು. ಬೆಲೆಯ ವಿಷಯಕ್ಕೆ ಬಂದರೆ, 2014ರ ಹಣಕಾಸು ವರ್ಷದಲ್ಲಿ ಸೇಲ್ಸ್‌ಫೋರ್ಸ್ 407 ಕೋಟಿ ಡಾಲರ್ ಆದಾಯ ಗಳಿಸಿ 23 ಕೋಟಿ ನಷ್ಟ ತೋರಿಸಿತು, ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಮಾರಾಟ ಮತ್ತು ಪ್ರಚಾರಕ್ಕೇ ಸುರಿದಿತ್ತು. ವರ್ಕ್‌ಡೇ ಮೊದಲ ಹದಿನೈದು ವರ್ಷ ಲಾಭದ ಮುಖ ನೋಡಲಿಲ್ಲ. ಹಳಬರಿಗೆ ನಿರ್ವಹಣಾ ಶುಲ್ಕ ಮಾಡಿದ ಕೆಲಸವನ್ನು ಇವರಿಗೆ ಷೇರು ಮಾರುಕಟ್ಟೆಯ ತಾಳ್ಮೆ ಮಾಡಿಕೊಟ್ಟಿತು. ಬಡ್ಡಿದರ ಏರಿದ 2022ರ ನಂತರ ಆ ತಾಳ್ಮೆ ತೀರಿತು. ಎಲಿಯಟ್, ಸ್ಟಾರ್‌ಬೋರ್ಡ್ ಮೊದಲಾದ ಹೂಡಿಕೆದಾರರು ಸೇಲ್ಸ್‌ಫೋರ್ಸ್ ಒಳಗೆ ಬಂದರು, 2023ರ ಜನವರಿಯಲ್ಲಿ ಕಂಪನಿ ಹತ್ತರಲ್ಲೊಬ್ಬ ನೌಕರನನ್ನು ತೆಗೆಯಿತು. ಶೇ 3ರಷ್ಟಿದ್ದ ಕಾರ್ಯನಿರ್ವಹಣಾ ಲಾಭದ ಪ್ರಮಾಣ ಎರಡು ವರ್ಷದಲ್ಲಿ ಶೇ 19ಕ್ಕೆ ಏರಿತು. ಅಷ್ಟು ವರ್ಷ ಲಾಭ ಬಾರದೆ ಇದ್ದದ್ದು ಬೆಳವಣಿಗೆಗಾಗಿ ಮಾಡಿಕೊಂಡ ಆಯ್ಕೆ ಎಂಬುದನ್ನು ಈ ಜಿಗಿತವೇ ತೋರಿಸಿತು.

ಕ್ಲೌಡ್ ತಂತ್ರಾಂಶ ನಿಜಕ್ಕೂ ಉತ್ತಮ, ಗಿರಾಕಿಗಳು ಅದಕ್ಕಾಗಿಯೇ ಹೋದರು, ಹಣದ ಲೆಕ್ಕವನ್ನೇ ಕಾರಣವೆನ್ನುವುದು ಸರಿಯಲ್ಲ ಎಂದು ತಂತ್ರಜ್ಞರು ಹೇಳುತ್ತಾರೆ. ಎಲ್ಲ ಗಿರಾಕಿಗಳೂ ಒಂದೇ ಆವೃತ್ತಿಯನ್ನು ಬಳಸುವುದು, ಸುಧಾರಣೆಗಳು ತಾನಾಗಿ ಬರುವುದು ದೊಡ್ಡ ಅನುಕೂಲವೇ. ಆದರೆ ಒಳ್ಳೆಯ ಕ್ಲೌಡ್ ತಂತ್ರಾಂಶ ಇದ್ದರೆ ಸಾಕು ಎನ್ನುವುದಾದರೆ ಎಸ್‌ಎಪಿ 2007ರಲ್ಲೇ ಗೆಲ್ಲಬೇಕಿತ್ತು. ಆ ವರ್ಷ ಅದು ಬಿಸಿನೆಸ್ ಬೈಡಿಸೈನ್ ಎಂಬ, ಪೂರ್ತಿ ಇಂಟರ್‌ನೆಟ್ ಮೇಲೆ ನಡೆಯುವ ತಂತ್ರಾಂಶವನ್ನು ತಂದು, 2010ರೊಳಗೆ 10,000 ಗಿರಾಕಿಗಳ ಗುರಿ ಇಟ್ಟುಕೊಂಡಿತ್ತು, ಹತ್ತಿರವೂ ಸುಳಿಯಲಿಲ್ಲ. ದೊಡ್ಡ ಗಿರಾಕಿಗಳು ಕದಲದಿರಲು ಕಾರಣ ಅವರ ಯಂತ್ರಗಳೊಳಗೇ ಇತ್ತು. ಎಸ್‌ಎಪಿಯಲ್ಲಿ ಗಿರಾಕಿ ತನಗಾಗಿ ಬರೆಸಿಕೊಂಡ ಪ್ರೋಗ್ರಾಂಗಳ ಹೆಸರು ಝಡ್ ಅಥವಾ ವೈ ಅಕ್ಷರದಿಂದ ಶುರುವಾಗಬೇಕೆಂಬ ನಿಯಮವಿದೆ. ಇಪ್ಪತ್ತು ವರ್ಷ ನಡೆದ ಒಂದು ದೊಡ್ಡ ಕಂಪನಿಯ ವ್ಯವಸ್ಥೆಯಲ್ಲಿ ಇಂಥ ಝಡ್ ಪ್ರೋಗ್ರಾಂಗಳು ಸಾವಿರಗಟ್ಟಲೆ. ಯಾವುದೋ ರಾಜ್ಯದ ತೆರಿಗೆ ನಮೂನೆಗೆ ಒಂದು, ಯಾವುದೋ ಡೀಲರನ ವಿಶೇಷ ರಿಯಾಯಿತಿಗೆ ಇನ್ನೊಂದು. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಪ್ರೋಗ್ರಾಂ ಮಾತ್ರ ಪ್ರತಿ ರಾತ್ರಿ ಓಡುತ್ತಿರುತ್ತದೆ. ಕ್ಲೌಡಿಗೆ ಹೋಗುವುದೆಂದರೆ ಇವನ್ನು ಒಂದೊಂದಾಗಿ ನೋಡಿ, ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವುದು. ಇಂಥ ಗಿರಾಕಿಯನ್ನು ಒಳ್ಳೆಯ ತಂತ್ರಾಂಶ ತೋರಿಸಿ ಒಂದೆರಡು ವರ್ಷದಲ್ಲಿ ಒಲಿಸಲಾಗದು. ಹತ್ತು ಹದಿನೈದು ವರ್ಷ ಕಾಯಬೇಕು, ಕಾಯುವಷ್ಟು ಕಾಲ ಹಣ ಬರುತ್ತಿರಬೇಕು.

ಕಾಯುವ ಶಕ್ತಿ ಇದ್ದ ಮತ್ತೊಂದು ಕಂಪನಿ ಮೈಕ್ರೋಸಾಫ್ಟ್. ಅದರ ದೊಡ್ಡ ಗಿರಾಕಿಗಳು ಬಹುವರ್ಷದ ಒಪ್ಪಂದಗಳಲ್ಲಿ ಮೊದಲೇ ವರ್ಷವರ್ಷ ಹಣ ಕಟ್ಟುವ ರೂಢಿಯಲ್ಲಿದ್ದರು; ಹೆಸರು ಬೇರೆಯಾದರೂ ಇದು ನಿರ್ವಹಣಾ ಶುಲ್ಕದ ಒಡಹುಟ್ಟು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ 2014ರ ಫೆಬ್ರುವರಿಯಲ್ಲಿ ಮುಖ್ಯಸ್ಥರಾದ ಮೇಲೆ, 2018ರ ಹಣಕಾಸು ವರ್ಷದೊಳಗೆ ಉದ್ಯಮ ಕ್ಲೌಡಿನ ವಾರ್ಷಿಕ ಗತಿಯನ್ನು 2,000 ಕೋಟಿ ಡಾಲರಿಗೆ ಒಯ್ಯುವ ಗುರಿ ಘೋಷಿಸಿದರು. 2017ರ ಅಕ್ಟೋಬರಿನಲ್ಲೇ ಅದನ್ನು ಮುಟ್ಟಿದರು. ಮೈಕ್ರೋಸಾಫ್ಟಿನ ವಿಶೇಷವೆಂದರೆ ಅದು ತಂತ್ರಾಂಶವನ್ನೂ ಮಾರುತ್ತದೆ, ತಂತ್ರಾಂಶ ಓಡುವ ನೆಲವನ್ನೂ, ಎಂದರೆ ಡೇಟಾ ಸೆಂಟರಿನ ಸರ್ವರ್ ಸೌಲಭ್ಯವನ್ನೂ, ಬಾಡಿಗೆಗೆ ಕೊಡುತ್ತದೆ. 2006ರಲ್ಲಿ ಅಮೆಜಾನ್ ಆರಂಭಿಸಿದ ಈ ನೆಲದ ವ್ಯಾಪಾರವೇ ಬೇರೆ ಪೈಪೋಟಿ. ಅಮೆಜಾನಿನ ಕ್ಲೌಡ್ ವಿಭಾಗದ ಆದಾಯ 2014ರಲ್ಲಿ 464 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 10,760 ಕೋಟಿಯಾಯಿತು. 2021ರಲ್ಲಿ ಎಸ್‌ಎಪಿ ಆರಂಭಿಸಿದ ರೈಸ್ ಎಂಬ ವಲಸೆ ಯೋಜನೆಯ ಗಿರಾಕಿಗಳ ಯಂತ್ರಗಳು ಹೆಚ್ಚಾಗಿ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಇವರ ನೆಲದಲ್ಲೇ ಓಡುತ್ತವೆ. ಆದ್ದರಿಂದ ಕ್ಲೌಡ್ ಆದಾಯದಲ್ಲಿ ಎಸ್‌ಎಪಿಗೆ ನೇರ ಖರ್ಚು ಕಳೆದು 2024ರಲ್ಲಿ ಉಳಿದದ್ದು ಸುಮಾರು ಶೇ 73. ಹಳೆಯ ಲೈಸೆನ್ಸ್ ಮತ್ತು ನಿರ್ವಹಣೆಯಲ್ಲಿ ಶೇ 85ಕ್ಕೂ ಹೆಚ್ಚು ಉಳಿಯುತ್ತಿತ್ತು. ಈ ನಷ್ಟವನ್ನು ಕಂಪನಿ ತುಂಬಿಕೊಳ್ಳುವುದು ಗಿರಾಕಿಯಿಂದಲೇ: ನಿರ್ವಹಣೆಗೆ ಒಂದು ಯೂರೊ ಕೊಡುತ್ತಿದ್ದವರು ಕ್ಲೌಡಿಗೆ ಬಂದಾಗ ಎರಡರಿಂದ ಮೂರು ಯೂರೊ ಕೊಡುತ್ತಾರೆ ಎಂದು ಎಸ್‌ಎಪಿ ತನ್ನ ಹೂಡಿಕೆದಾರರಿಗೆ ಹೇಳುತ್ತ ಬಂದಿದೆ. ಅದರಲ್ಲಿ ಯಂತ್ರ, ವಿದ್ಯುತ್, ಸಿಬ್ಬಂದಿಯ ಖರ್ಚೂ ಸೇರಿದೆ ಎಂಬ ಸಮರ್ಥನೆ ತಕ್ಕಮಟ್ಟಿಗೆ ನ್ಯಾಯವಾದದ್ದು. ಆದರೂ ಕೊಡುವವರಿಗೆ ಮೊತ್ತ ದೊಡ್ಡದೇ.

ಒರಾಕಲ್ ಈಚೆಗೆ ಹಿಡಿದ ದಾರಿ ಈ ವಾದವನ್ನು ಹೊಸ ಪರೀಕ್ಷೆಗೆ ಒಡ್ಡಿದೆ. ನೆಲದ ವ್ಯಾಪಾರಕ್ಕೆ ತಡವಾಗಿ ಇಳಿದ ಅದು ಕೃತಕ ಬುದ್ಧಿಮತ್ತೆ ಕಂಪನಿಗಳಿಗೆ ಡೇಟಾ ಸೆಂಟರ್ ಕಟ್ಟಿಕೊಡುವ ದೊಡ್ಡ ಗುತ್ತಿಗೆಗಳನ್ನು ಹಿಡಿಯಿತು. 2025ರ ಸೆಪ್ಟೆಂಬರಿನಲ್ಲಿ ತನ್ನ ಬಳಿ 45,500 ಕೋಟಿ ಡಾಲರ್ ಮೌಲ್ಯದ ಸಹಿಯಾದ, ಇನ್ನೂ ಪೂರೈಸಬೇಕಾದ ಒಪ್ಪಂದಗಳಿವೆ ಎಂದಾಗ ಷೇರು ಒಂದೇ ದಿನ ಶೇ 36ರಷ್ಟು ಜಿಗಿಯಿತು. ಆದರೆ ಅದೇ ವರ್ಷ ಮೇ ತಿಂಗಳಿಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಯ ಬಂಡವಾಳ ವೆಚ್ಚ 2,100 ಕೋಟಿ ಡಾಲರ್ ದಾಟಿತ್ತು, ವ್ಯಾಪಾರದಿಂದ ಬಂದ ನಗದೆಲ್ಲ ಅದಕ್ಕೇ ಹೋಗಿ ಸ್ವಲ್ಪ ಕಡಿಮೆಯೂ ಬಿತ್ತು. ಸಹಿಯಾದ ಒಪ್ಪಂದದ ಮೊತ್ತವನ್ನು ಒಳ್ಳೆಯ ಅಳತೆಗೋಲು ಎಂದು ಒಪ್ಪುವವರೂ ಇಲ್ಲಿ ಎಚ್ಚರದಿಂದಿರಬೇಕು. ಎಸ್‌ಎಪಿಯ ಒಪ್ಪಂದಗಳು ಸಾವಿರಾರು ಸಂಸ್ಥೆಗಳಲ್ಲಿ ಹಂಚಿಹೋಗಿವೆ, ಅವುಗಳ ಹಿಂದೆ ದಿನನಿತ್ಯ ನಡೆಯಲೇಬೇಕಾದ ಲೆಕ್ಕವಿದೆ. ಒರಾಕಲ್‌ನ ದೊಡ್ಡ ಮೊತ್ತ ಕೆಲವೇ ಗಿರಾಕಿಗಳದು, ಅವರಲ್ಲಿ ಕೆಲವರು ಇನ್ನೂ ಲಾಭ ಕಾಣಬೇಕಾದವರು. ಒಂದೇ ಹೆಸರಿನ ಅಂಕಿಯಾದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಣ ಕೊಡುವವರ ಕಡೆಯಿಂದ ನೋಡದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಂ ನಗರಸಭೆ ತನ್ನ ಹಳೆಯ ಎಸ್‌ಎಪಿ ವ್ಯವಸ್ಥೆಯನ್ನು ಬಿಟ್ಟು ಒರಾಕಲ್ ಕ್ಲೌಡಿಗೆ 2022ರ ಏಪ್ರಿಲ್‌ನಲ್ಲಿ ಹೋಯಿತು. ಸುಮಾರು 2 ಕೋಟಿ ಪೌಂಡ್ ಎಂದಿದ್ದ ವೆಚ್ಚ 10 ಕೋಟಿ ಮೀರಿತು. ಬ್ಯಾಂಕಿಗೆ ಬಂದ ಹಣವನ್ನು ಯಾವ ಬಾಬ್ತಿನದೆಂದು ತಾಳೆ ಹಾಕುವ ಭಾಗ ಸರಿಯಾಗಿ ನಡೆಯದೆ, ಸಿಬ್ಬಂದಿ ಕೈಯಿಂದಲೇ ಒಂದೊಂದು ಜಮೆಯನ್ನು ಹೊಂದಿಸಬೇಕಾಯಿತು. ನಗರಸಭೆ ತಂತ್ರಾಂಶವನ್ನು ತನ್ನ ರೂಢಿಗೆ ತಕ್ಕಂತೆ ತಿದ್ದಿಸಿಕೊಂಡದ್ದೇ ತೊಡಕಿನ ಮೂಲಗಳಲ್ಲಿ ಒಂದು. ಹೊಣೆಯನ್ನು ಮಾರಿದವರ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ನಗರಸಭೆ ಹಣಕಾಸಿನ ದಿವಾಳಿ ಸೂಚನೆ ಹೊರಡಿಸಿತು. ಸಮಾನ ವೇತನದ ಹಳೆಯ ಬಾಕಿಗಳ ಜೊತೆ ಈ ವೆಚ್ಚವೂ ಕಾರಣಗಳಲ್ಲಿ ಸೇರಿತ್ತು. ಹಳೆಯ ವ್ಯವಸ್ಥೆಗೆ ಶುಲ್ಕ ಕಟ್ಟುತ್ತ ಉಳಿದವರನ್ನು ಸೋಮಾರಿಗಳೆಂದು ಬೈಯುವ ಸಲಹೆಗಾರರು ಇಂಥ ಲೆಕ್ಕವನ್ನು ಓದಬೇಕು.

ಕರ್ನಾಟಕಕ್ಕೆ ಈ ವಲಸೆ ಹೊರಗಿನ ಸುದ್ದಿಯಲ್ಲ. ಎಸ್‌ಎಪಿ ಲ್ಯಾಬ್ಸ್ 1998ರಿಂದ ಬೆಂಗಳೂರಿನಲ್ಲಿದೆ, ಜರ್ಮನಿಯ ಹೊರಗೆ ಅದರ ಅತಿ ದೊಡ್ಡ ಅಭಿವೃದ್ಧಿ ಕೇಂದ್ರ ಅದೇ. ಬೆಂಗಳೂರಿನಲ್ಲಿ ಶಾಲೆ ಓದಿದ ಥಾಮಸ್ ಕುರಿಯನ್ ಒರಾಕಲ್‌ನಲ್ಲಿ ಇಪ್ಪತ್ತೆರಡು ವರ್ಷ ದುಡಿದು, 2018ರಲ್ಲಿ ಬಿಟ್ಟು, ಗೂಗಲ್ ಕ್ಲೌಡಿನ ಮುಖ್ಯಸ್ಥರಾದರು. ಇನ್ಫೊಸಿಸ್, ವಿಪ್ರೊಗಳ ಸಾವಿರಾರು ಎಂಜಿನಿಯರುಗಳ ದಿನದ ಕೆಲಸವೇ ಮೇಲೆ ಹೇಳಿದ ಝಡ್ ಪ್ರೋಗ್ರಾಂಗಳನ್ನು ಬಿಡಿಸುವುದು, ಹೊಸ ಕಡೆ ಹೊಂದಿಸುವುದು. ಬೆಂಗಳೂರಿನದೇ ಆದ ಟ್ಯಾಲಿ ಬೇರೆ ದಾರಿ ಹಿಡಿದಿದೆ. ಸಣ್ಣ ಅಂಗಡಿ, ಲೆಕ್ಕಿಗರ ಕಚೇರಿಗಳ ಕಂಪ್ಯೂಟರಿನಲ್ಲೇ ಉಳಿದು, ಲೈಸೆನ್ಸ್ ಬೆಲೆಯ ಸುಮಾರು ಐದನೇ ಒಂದು ಭಾಗವನ್ನು ವಾರ್ಷಿಕ ನವೀಕರಣಕ್ಕೆ ಪಡೆಯುತ್ತ ಬಂದಿದೆ. ಜಿಎಸ್‌ಟಿ ನಿಯಮ ಬದಲಾದಾಗಲೆಲ್ಲ ಆ ನವೀಕರಣ ಬೇಕೇ ಬೇಕು. ಜರ್ಮನಿಯ ಕಾರ್ಖಾನೆಗೂ ಚಿಕ್ಕಪೇಟೆಯ ಬಟ್ಟೆ ಅಂಗಡಿಗೂ ನಿರ್ವಹಣಾ ಶುಲ್ಕ ಕಟ್ಟಿಸುವ ಕಾರಣ ಒಂದೇ, ಬದಲಾಗುತ್ತಲೇ ಇರುವ ತೆರಿಗೆ ಕಾನೂನು.

ಈ ಶುಲ್ಕದ ಬಲವನ್ನು ಕಾನೂನು ಜಾರಿ ಮಾಡುವವರೂ ಈಗ ಗುರುತಿಸಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಆಯೋಗ ಎಸ್‌ಎಪಿ ವಿರುದ್ಧ ಔಪಚಾರಿಕ ತನಿಖೆ ಆರಂಭಿಸಿತು. ತನಿಖೆಯ ವಿಷಯ ಕ್ಲೌಡ್ ಅಲ್ಲ, ಗಿರಾಕಿಯ ಸ್ವಂತ ಯಂತ್ರದಲ್ಲಿರುವ ತಂತ್ರಾಂಶದ ನಿರ್ವಹಣೆ: ಬಳಸದ ಲೈಸೆನ್ಸಿಗೂ ಶುಲ್ಕ ಕಟ್ಟಿಸುವುದು, ಒಮ್ಮೆ ಬಿಟ್ಟು ಮರಳಿ ಬಂದವರಿಂದ ಬಿಟ್ಟ ವರ್ಷಗಳ ಶುಲ್ಕವನ್ನೂ ಕೇಳುವುದು, ಬೇರೆಯವರಿಂದ ನಿರ್ವಹಣೆ ಪಡೆಯಲು ಅಡ್ಡಿಯಾಗುವ ಷರತ್ತುಗಳು ಪೈಪೋಟಿಗೆ ಧಕ್ಕೆ ತರುತ್ತವೆಯೇ ಎಂಬುದು. ಹದಿನೈದು ವರ್ಷ ತಡವಾಗಿ ಬಂದರೂ ಕೇಳಬೇಕಾದ ಪ್ರಶ್ನೆಯನ್ನೇ ಆಯೋಗ ಕೇಳಿದೆ. ಅತ್ತ ಎಸ್‌ಎಪಿ ತನ್ನ ಹಳೆಯ ಉದ್ಯಮ ತಂತ್ರಾಂಶದ ಸಾಮಾನ್ಯ ನಿರ್ವಹಣೆಯನ್ನು ಮೊದಲು 2025ಕ್ಕೆ ನಿಲ್ಲಿಸುವುದಾಗಿ ಹೇಳಿ, ಗಿರಾಕಿಗಳು ಕದಲದ್ದನ್ನು ಕಂಡು 2020ರಲ್ಲಿ ಗಡುವನ್ನು 2027ರ ಕೊನೆಗೆ ಮುಂದೂಡಿತು. ಹೆಚ್ಚುವರಿ ಶುಲ್ಕ ಕೊಡುವವರಿಗೆ ಆಮೇಲೂ 2030ರವರೆಗೆ ನಿರ್ವಹಣೆ ಸಿಗುತ್ತದೆ.